ಪಾರಾಯಣದಿಂದ ಅರ್ಥದೆಡೆಗೆ: ಪಂಡಿತಾ ರಮಾಬಾಯಿ

ಧರ್ಮಗ್ರಂಥವನ್ನು ದಿನವೂ ಓದುವ ವಾಡಿಕೆ ನಮ್ಮ ದೇಶಕ್ಕೆ ಹೊಸದಲ್ಲ. ಸ್ನಾನವಾದ ಮೇಲೆ ಒಂದು ಅಧ್ಯಾಯವನ್ನು ಪಾರಾಯಣ ಮಾಡಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ವ್ಯಾಸಪೀಠದ ಮೇಲಿಡುವ ಹಿರಿಯರನ್ನು ಅನೇಕರು ಕಂಡಿದ್ದಾರೆ. ಕ್ರೈಸ್ತರ ಮನೆಗಳಲ್ಲಿಯೂ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಕೂಡಿ ಸತ್ಯವೇದದ ಒಂದು ಭಾಗವನ್ನು ಓದುವ ಕ್ರಮವುಂಟು. ಓದಿದರೆ ಪುಣ್ಯ ಬರುತ್ತದೆಂಬುದು ಒಂದು ನಂಬಿಕೆ. ಓದಿದ್ದು ಅರ್ಥವಾಗಿ ಬಾಳನ್ನು ತಿದ್ದಬೇಕೆಂಬುದು ಇನ್ನೊಂದು. ಎರಡೂ ಎಲ್ಲ ಮತಗಳಲ್ಲಿಯೂ ಇವೆ. ಮೊದಲನೆಯದರಿಂದ ಎರಡನೆಯದಕ್ಕೆ ಇರುವ ದಾರಿಯನ್ನು ಒಂದೇ ಆಯುಷ್ಯದಲ್ಲಿ ನಡೆದು ಮುಗಿಸಿದವರು ಪಂಡಿತಾ ರಮಾಬಾಯಿ. ಆ ದಾರಿಗಾಗಿ ಅವರು ತೆತ್ತ ಬೆಲೆಯೂ ಅಲ್ಪವಲ್ಲ.

ರಮಾಬಾಯಿಯವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಸಹ್ಯಾದ್ರಿಯ ದಟ್ಟ ಕಾಡಿನ ನಡುವಣ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸೀಮೆಯ ಮಾಳ ಗ್ರಾಮಕ್ಕೆ ಸೇರಿದ ಚಿತ್ಪಾವನ ಬ್ರಾಹ್ಮಣರು, ಶಾಸ್ತ್ರಗಳಲ್ಲಿ ಪಾರಂಗತರು. ಅವರು ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಗುರುಗಳು ಪೇಶ್ವೆಯ ಮನೆಯ ಸ್ತ್ರೀಗೆ ಸಂಸ್ಕೃತ ಪಾಠ ಹೇಳುತ್ತಿದ್ದರು. ಅದನ್ನು ಕಂಡ ಶಾಸ್ತ್ರಿಗಳು ಮುಂದೆ ತಮ್ಮ ಪತ್ನಿ ಲಕ್ಷ್ಮೀಬಾಯಿಗೂ ಹಾಗೆಯೇ ಪಾಠ ಹೇಳಿದರು. ಸಮಾಜ ಮೆಚ್ಚಲಿಲ್ಲ. ಉಡುಪಿಯಲ್ಲಿ ವಿದ್ವಾಂಸರ ಮುಂದೆ ಅವರು ಉತ್ತರ ಕೊಡಬೇಕಾಯಿತು. ಹೆಂಗಸರು ಸಂಸ್ಕೃತ ಕಲಿಯುವುದು ತಪ್ಪಲ್ಲವೆಂಬುದನ್ನು ಶಾಸ್ತ್ರವಾಕ್ಯಗಳಿಂದಲೇ ಸಮರ್ಥಿಸಿ ಅವರು ಗೆದ್ದುಬಂದರು. ಗ್ರಂಥದಲ್ಲಿ ಏನಿದೆಯೆಂಬುದನ್ನು ಸ್ವತಃ ಓದಿ ನೋಡಬೇಕು, ಪರರ ಮಾತನ್ನು ನಂಬಿ ಕುಳಿತುಕೊಳ್ಳಬಾರದು ಎಂಬ ಛಲ ಮಗಳಿಗೆ ಬಂದದ್ದು ಈ ತಂದೆಯಿಂದಲೇ. ಆದರೂ ಶಾಸ್ತ್ರಿಗಳು ಸಂಪ್ರದಾಯವನ್ನು ಪೂರ್ಣವಾಗಿ ಮೀರಿದವರಲ್ಲ. ಕಾವ್ಯ, ವ್ಯಾಕರಣ, ಪುರಾಣ ಇವು ಹೆಣ್ಣುಮಕ್ಕಳಿಗೆ ಸಲ್ಲುವುವು, ವೇದ ಮಾತ್ರ ಸಲ್ಲದು ಎಂಬುದು ಅವರ ನಿಲುವಾಗಿತ್ತು.

ರಮಾಬಾಯಿಯವರಿಗೆ ಪಾಠ ಹೇಳಿದವರು ತಾಯಿ. ಮಗಳಿಗೆ ಎಂಟು ವರ್ಷವಾದಾಗ ತೊಡಗಿದ ಪಾಠ ಹದಿನೈದರವರೆಗೂ ನಡೆಯಿತು. ಅಷ್ಟರಲ್ಲಿ ಸಂಸಾರ ಕಾಡನ್ನು ಬಿಟ್ಟು ಯಾತ್ರೆಗೆ ಹೊರಟಿತ್ತು. ಮನೆಗೆಲಸ, ಪ್ರಯಾಣ, ಅತಿಥಿಸತ್ಕಾರ ಎಲ್ಲವುಗಳ ನಡುವೆ ಆ ತಾಯಿ ನಸುಕಿನಲ್ಲಿ ಮಗಳನ್ನು ಎಬ್ಬಿಸಿ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹೀಗೆ ಭಾಗವತವೇ ಮೊದಲಾದ ಪುರಾಣಗಳು ಹುಡುಗಿಯ ನಾಲಿಗೆಯ ಮೇಲೆ ನೆಲೆಸಿದುವು. ಪುರಾಣ ಓದುವುದೇ ಆ ಕುಟುಂಬದ ಜೀವನೋಪಾಯ. ಊರಿನ ದೇವಾಲಯದಲ್ಲೋ ಮರದ ನೆರಳಿನಲ್ಲೋ ಕುಳಿತು ಗ್ರಂಥ ಬಿಚ್ಚಿ ಓದುವರು; ಕೇಳಿದವರು ಹಣ್ಣು, ಧಾನ್ಯ, ಕಾಸು ಇಟ್ಟು ಹೋಗುವರು. ಕೇಳುವವರಲ್ಲಿ ಹೆಚ್ಚಿನವರಿಗೆ ಸಂಸ್ಕೃತ ತಿಳಿಯದು. ತಿಳಿಯಬೇಕೆಂಬ ನಿರೀಕ್ಷೆಯೂ ಇರಲಿಲ್ಲ. ಶ್ರವಣದಿಂದಲೇ ಪುಣ್ಯವೆಂಬುದು ಎರಡು ಕಡೆಯವರಿಗೂ ಒಪ್ಪಿಗೆಯಾಗಿದ್ದ ಮಾತು.

1870ರ ದಶಕದ ಕ್ಷಾಮ ಈ ಜೀವನವನ್ನು ಮುರಿಯಿತು. ಇದ್ದ ಹಣವೆಲ್ಲ ಕ್ಷೇತ್ರಗಳಲ್ಲಿ ದಾನಕ್ಕೂ ವ್ರತಕ್ಕೂ ಕರಗಿಹೋಗಿತ್ತು. ಕೂಲಿ ಮಾಡಲು ಕುಲದ ಅಭಿಮಾನ ಬಿಡಲಿಲ್ಲ. ತಂದೆ ತೀರಿಕೊಂಡರು, ಸ್ವಲ್ಪ ಕಾಲದಲ್ಲೇ ತಾಯಿಯೂ ಹೋದರು, ಆಮೇಲೆ ಅಕ್ಕ ಹೋದಳು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಇಬ್ಬರೇ. ಸಾವಿರಾರು ಮೈಲಿ ಬರಿಗಾಲಲ್ಲಿ ನಡೆದು ಇಬ್ಬರೂ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಹೆಣ್ಣುಮಗಳ ಸಂಸ್ಕೃತ ಪಾಂಡಿತ್ಯವನ್ನು ಕಂಡು ಅಲ್ಲಿಯ ವಿದ್ವಾಂಸರು ಬೆರಗಾದರು. ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನಿತ್ತರು. ಬ್ರಾಹ್ಮಸಮಾಜದ ಮುಂದಾಳು ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತು ಓದೆಂದು ಪ್ರೋತ್ಸಾಹಿಸಿದರು. ತಂದೆ ಮುಚ್ಚಿದ್ದ ಕೊನೆಯ ಬಾಗಿಲೂ ಹೀಗೆ ತೆರೆಯಿತು.

ಬೈಬಲು ಅವರ ಕೈಗೆ ಮೊದಲು ಬಂದದ್ದೂ ಆ ನಗರದಲ್ಲಿಯೇ. ಕ್ರೈಸ್ತರ ಒಂದು ಕೂಟದಲ್ಲಿ ಅವರಿಗೆ ಸಂಸ್ಕೃತ ಭಾಷಾಂತರದ ಪ್ರತಿಯೊಂದು ದೊರೆಯಿತು. ಪಂಡಿತೆಗೆ ಸಂಸ್ಕೃತದ ಪುಸ್ತಕ ಕೊಡುವುದು ಯುಕ್ತವೆಂದು ಕೊಟ್ಟವರು ಭಾವಿಸಿರಬೇಕು. ಆದರೆ ಕಾವ್ಯಪುರಾಣಗಳ ಸಂಸ್ಕೃತದಲ್ಲಿ ಬೆಳೆದವರಿಗೆ ಆ ಭಾಷೆ ವಿಚಿತ್ರವಾಗಿ ತೋರಿತು. ಅದರ ಭಾವ ಇನ್ನೂ ಅಪರಿಚಿತವೆನಿಸಿತು. ಓದುವುದು ಕಾಲಹರಣವೆಂದು ಅವರು ಪುಸ್ತಕವನ್ನು ಪಕ್ಕಕ್ಕಿಟ್ಟರು. ಮಹಾ ಪಂಡಿತೆಯೊಬ್ಬರಿಗೆ ತಾವು ಬಲ್ಲ ಭಾಷೆಯಲ್ಲಿಯೇ ಒಂದು ಗ್ರಂಥ ತಿಳಿಯದೆ ಹೋಯಿತೆಂಬುದು ಮುಂದಿನ ಕಥೆಯ ದೃಷ್ಟಿಯಿಂದ ನೆನಪಿಡತಕ್ಕ ಸಂಗತಿ.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿಯವರು ಬೇರೆ ಜಾತಿಯ, ಬಂಗಾಳದ ವಕೀಲರಾದ ವಿಪಿನ ಬಿಹಾರಿ ಮೇಧಾವಿಯವರನ್ನು ಮದುವೆಯಾಗಿ ಅಸ್ಸಾಮದ ಸಿಲ್ಚಾರಿಗೆ ಹೋದರು. ಆ ಮನೆಯ ಪುಸ್ತಕಗಳ ನಡುವೆ ಒಂದು ದಿನ ಲೂಕನ ಸುವಾರ್ತೆಯ ಸಣ್ಣ ಪ್ರತಿ ಸಿಕ್ಕಿತು, ಅದು ಬಂಗಾಳಿಯಲ್ಲಿತ್ತು. ಅಂಗಡಿಯಲ್ಲಿಯೂ ಅಡುಗೆಮನೆಯಲ್ಲಿಯೂ ಕೇಳಿಬರುವ ಭಾಷೆ. ಈ ಸಲ ಪುಸ್ತಕ ಪಕ್ಕಕ್ಕೆ ಹೋಗಲಿಲ್ಲ. ಊರಿನಲ್ಲಿದ್ದ ಮಿಷನರಿಯೊಬ್ಬರು ಮನೆಗೆ ಬಂದು ಆದಿಕಾಂಡವನ್ನು ವಿವರಿಸುತ್ತಿದ್ದರು. ರಮಾಬಾಯಿಯವರು ಆಸಕ್ತಿಯಿಂದ ಕೇಳುತ್ತಿದ್ದರು. ಪತ್ನಿ ಕ್ರೈಸ್ತಳಾಗಿಬಿಟ್ಟಾಳೆಂದು ಪತಿಗೆ ಅಸಮಾಧಾನವಾಯಿತು. ಆ ಮಾತು ಬೆಳೆಯುವ ಮುನ್ನವೇ, 1882ರ ಫೆಬ್ರವರಿಯಲ್ಲಿ, ಕಾಲರಾ ಅವರನ್ನು ಒಯ್ದಿತು. ಮಗಳು ಮನೋರಮೆಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ.

ಎಳೆಯ ವಿಧವೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳ ಶಿಕ್ಷಣದ ಪರವಾಗಿ ಸಾಕ್ಷ್ಯ ನುಡಿದರು. 1883ರಲ್ಲಿ ವೈದ್ಯಕೀಯ ಕಲಿಯುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿಯ ದೋಷದಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜಿನ ಕ್ರೈಸ್ತ ಸಂನ್ಯಾಸಿನಿಯರ ಆಶ್ರಯದಲ್ಲಿದ್ದಾಗ ಅವರು ಲಂಡನ್ನಿನ ಫುಲ್ಹಮ್ಮಿನಲ್ಲಿ ಒಂದು ಮನೆಯನ್ನು ಕಂಡರು. ದಾರಿ ತಪ್ಪಿದವರೆಂದು ಸಮಾಜ ದೂರವಿಟ್ಟ ಹೆಂಗಸರನ್ನು ಸಂನ್ಯಾಸಿನಿಯರು ಅಲ್ಲಿ ಸಾಕುತ್ತಿದ್ದರು. ಇವರ ಮೇಲೆ ನಿಮಗೇಕೆ ಇಷ್ಟು ಕರುಣೆಯೆಂದು ಕೇಳಿದಾಗ ಒಬ್ಬ ಸಂನ್ಯಾಸಿನಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೆರೆದು, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗವನ್ನು ಓದಿದರು. ಕ್ಷೇತ್ರಕ್ಷೇತ್ರಗಳಲ್ಲಿ ನಿರಾಶ್ರಿತ ವಿಧವೆಯರನ್ನು ಕಂಡುಬಂದಿದ್ದವರಿಗೆ ಆ ಅಧ್ಯಾಯವೂ ಕಣ್ಣೆದುರಿನ ಮನೆಯೂ ಒಂದೇ ಮಾತನ್ನು ಆಡುತ್ತಿರುವಂತೆ ತೋರಿತು. 1883ರ ಸೆಪ್ಟೆಂಬರ್ 29ರಂದು ಅವರು ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಮತಾಂತರವಾದ ಪಂಡಿತೆ ಇನ್ನು ವಿಧೇಯಳಾಗಿ ಹೇಳಿದ್ದನ್ನು ಕೇಳಿಕೊಂಡಿರುವಳೆಂದು ಯಾರಾದರೂ ಎಣಿಸಿದ್ದರೆ ಅವರಿಗೆ ಆಶಾಭಂಗ ಕಾದಿತ್ತು. ಉಡುಪಿಯಲ್ಲಿ ಶಾಸ್ತ್ರ ಬಿಚ್ಚಿ ವಾದಿಸಿದವರ ಮಗಳು ಇಂಗ್ಲೆಂಡಿನಲ್ಲಿಯೂ ಅದನ್ನೇ ಮಾಡಿದರು. ಸಭೆಯ ತತ್ತ್ವಗಳು ಸತ್ಯವೇದದಲ್ಲಿ ತಮಗೆ ಕಾಣದಿದ್ದಲ್ಲಿ ಪ್ರಶ್ನೆ ಎತ್ತಿದರು. ಮಾರ್ಗದರ್ಶಿಯಾಗಿದ್ದ ಸಂನ್ಯಾಸಿನಿ ಜೆರಾಲ್ಡೀನರೊಡನೆ ಪತ್ರಗಳಲ್ಲಿ ದೀರ್ಘವಾಗಿ ವಾದಿಸಿದರು. ಒಬ್ಬ ಪುರೋಹಿತವರ್ಗದ ಆಜ್ಞೆಯಿಂದ ಬಿಡಿಸಿಕೊಂಡು ಬಂದವಳು ಇನ್ನೊಂದಕ್ಕೆ ಕೊರಳೊಡ್ಡಲಾರೆನೆಂಬುದು ಅವರ ವಾದದ ತಿರುಳು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವಿರಬಾರದೇಕೆ ಎಂದೂ ಕೇಳಿದರು. ನಿತ್ಯದ ಓದು ಅವರನ್ನು ಮೆತ್ತಗೆ ಮಾಡಲಿಲ್ಲ. ಕೇಳುವ ಧೈರ್ಯವನ್ನು ಬೆಳೆಸಿತು. ಅದೇ ಓದು ಅವರನ್ನೂ ಬಿಡದೆ ಪರೀಕ್ಷಿಸಿತು. ತಾವು ಕ್ರೈಸ್ತಮತವನ್ನು ಕಂಡಿದ್ದರೂ ಕ್ರಿಸ್ತನನ್ನು ಕಂಡಿರಲಿಲ್ಲವೆಂಬ ಅರಿವು ದೀಕ್ಷೆಯಾಗಿ ಎಂಟು ವರ್ಷಗಳಾದ ಮೇಲೆ ಬಂದಿತೆಂದು ಅವರು ಮುಂದೆ ತಮ್ಮ ಆತ್ಮಕಥನದಲ್ಲಿ ಒಪ್ಪಿಕೊಂಡರು.

ಅಮೆರಿಕೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಂಚರಿಸಿ, ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು 1887ರಲ್ಲಿ ಪುಸ್ತಕ ಪ್ರಕಟಿಸಿ, ಧನಸಹಾಯ ದೊರಕಿಸಿಕೊಂಡು ಅವರು ಹಿಂದಿರುಗಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಮರುವರ್ಷ ಅದು ಪುಣೆಗೆ ಬಂದಿತು. ಮತಬೋಧೆ ಮಾಡಕೂಡದೆಂಬುದು ಸದನದ ಕರಾರು. ರಾನಡೆ, ಭಂಡಾರ್ಕರ್ ಮೊದಲಾದ ಹಿರಿಯರು ಸಲಹಾಮಂಡಲಿಯಲ್ಲಿದ್ದರು. ತರಗತಿಯಲ್ಲಿ ರಮಾಬಾಯಿಯವರು ಮತದ ಮಾತೆತ್ತಲಿಲ್ಲ. ಆದರೆ ತಮ್ಮ ಕೊಠಡಿಯಲ್ಲಿ ಮಗಳೊಡನೆ ಕುಳಿತು ಸತ್ಯವೇದ ಓದಿ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ತೆರೆದ ಬಾಗಿಲಿನಿಂದ ಕೆಲವು ಹುಡುಗಿಯರು ಒಳಗೆ ಬಂದು ಕುಳಿತರು.

ಪುಣೆಯಲ್ಲಿ ಗದ್ದಲವೆದ್ದಿತು. ನಂಬಿಕೆಯಿಂದ ಮಕ್ಕಳನ್ನು ಒಪ್ಪಿಸಿದವರಿಗೆ ದ್ರೋಹವಾಯಿತೆಂದು ಪತ್ರಿಕೆಗಳು ಬರೆದುವು. 1893ರಲ್ಲಿ ಸಲಹೆಗಾರರು ರಾಜೀನಾಮೆ ಕೊಟ್ಟರು. ಪೋಷಕರು ಹಲವು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಈ ಆಕ್ಷೇಪವನ್ನು ಬರಿಯ ಅಸಹನೆಯೆಂದು ತಳ್ಳಿಹಾಕುವಂತಿಲ್ಲ. ಎಳೆಯ ಮಕ್ಕಳು ಪ್ರೀತಿಯ ಗುರುವಿನ ಮಾದರಿಯನ್ನು ಅನುಸರಿಸುವುದು ಸಹಜ. ಕರಾರಿನ ಅಕ್ಷರ ಉಳಿದರೂ ಅದರ ಆಶಯ ಉಳಿಯಿತೇ ಎಂದು ಕೇಳುವ ಹಕ್ಕು ತಾಯಿತಂದೆಯರಿಗಿತ್ತು. ಅತ್ತ, ಸ್ವಂತ ಮನೆಯಲ್ಲಿ ಸ್ವಂತ ಮಗಳೊಡನೆ ಓದುವುದಕ್ಕೆ ಬಾಗಿಲು ಹಾಕಿಕೊಳ್ಳಬೇಕೆಂದರೆ ಅದು ಕಳ್ಳತನವಾದಂತೆ ಎಂಬುದು ರಮಾಬಾಯಿಯವರ ಉತ್ತರ. ಬಾಗಿಲು ಮುಚ್ಚಿದ್ದರೆ ಪುಣೆಯ ಗೌರವ, ಗೆಳೆಯರ ಬೆಂಬಲ ಎಲ್ಲವೂ ಉಳಿಯುತ್ತಿತ್ತು. ಅವರು ಮುಚ್ಚಲಿಲ್ಲ.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಕ್ಷಾಮ ಬಂದಿತು. ಹಸಿವೆಯಿಂದ ಹೆತ್ತವರನ್ನು ಕಳೆದುಕೊಂಡವರಿಗೆ ಆ ಸುದ್ದಿಯನ್ನು ಓದಿ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ತಾವೇ ಅಲ್ಲಿಗೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಪೂರ್ವಕ್ಕಿರುವ ಕೆಡಗಾಂವಿನ ಹೊಲದಲ್ಲಿ ಮುಕ್ತಿ ಸದನ ಎದ್ದಿತು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಹೋಯಿತು. ನೇಯ್ಗೆ, ಹೈನು, ಗಾಣ, ತೋಟ, ಹೊಲಿಗೆ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡು ಹುಡುಗಿಯರು ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿತರು. ದಿನಚರಿಯಲ್ಲಿ ಸತ್ಯವೇದದ ಓದಿಗೂ ಪ್ರಾರ್ಥನೆಗೂ ಸ್ಥಿರವಾದ ಸ್ಥಾನವಿತ್ತು. ಅಕ್ಷರ ಕಲಿತ ಹೆಂಗಸರು ಸುತ್ತಲ ಹಳ್ಳಿಗಳಿಗೆ ಸುವಾರ್ತೆಯ ಪ್ರತಿಗಳನ್ನು ಹಿಡಿದು ಹೋಗುತ್ತಿದ್ದರು.

ಇಲ್ಲಿಯೇ ಕಲ್ಕತ್ತೆಯ ಹಳೆಯ ಅನುಭವ ಮತ್ತೆ ಎದುರಾಯಿತು. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲಿನ ಭಾಷೆ ಸಂಸ್ಕೃತಭೂಯಿಷ್ಠವಾಗಿತ್ತು. ಪಂಡಿತೆಗೆ ಅದು ಸುಲಭವೇ. ಆದರೆ ಕ್ಷಾಮದಿಂದ ಬದುಕಿಬಂದು ಈಚೆಗೆ ಅಕ್ಷರ ಕಲಿತ ಒಕ್ಕಲಿನ ಹುಡುಗಿಗೆ? ಆಕೆ ತಡವರಿಸಿ ಓದುವಳು, ಅರ್ಥವಾಗದೆ ಮುಂದಕ್ಕೆ ಹೋಗುವಳು. ಮರದ ನೆರಳಿನಲ್ಲಿ ಪುರಾಣ ಕೇಳಿ ಕಾಸಿಟ್ಟು ಹೋಗುತ್ತಿದ್ದವರಿಗೂ ಈಕೆಗೂ ಆಗ ಏನು ಭೇದ ಉಳಿಯಿತು? ಪುಸ್ತಕ ಬದಲಾಯಿತು, ಓದು ಬದಲಾಗಲಿಲ್ಲ ಎಂದಂತಾಯಿತು. ರಮಾಬಾಯಿಯವರು ನಡುವಯಸ್ಸು ದಾಟುವ ಹೊತ್ತಿನಲ್ಲಿ ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು, ಇಡೀ ಬೈಬಲನ್ನು ಮೂಲದಿಂದಲೇ ಸರಳ ಮರಾಠಿಗೆ ತರಲು ಕುಳಿತರು. ದರ್ಶನಶಾಸ್ತ್ರದ ವಾಸನೆಯಿದ್ದ ಪ್ರೌಢಶಬ್ದಗಳನ್ನು ಬಿಟ್ಟು ಬಳಕೆಯ ಮಾತನ್ನು ಹುಡುಕಿದರು. ಸಂಸ್ಕೃತದಿಂದಲೇ ಹೆಸರು ಪಡೆದವರು ಸಂಸ್ಕೃತವನ್ನು ಹೀಗೆ ಕೈಯಾರೆ ಕಡಮೆ ಮಾಡಿದ್ದು ಸಣ್ಣ ತ್ಯಾಗವಲ್ಲ. ಮುಕ್ತಿಯ ಅಚ್ಚುಕೂಟದಲ್ಲಿ ಹೆಂಗಸರೇ ಮೊಳೆ ಜೋಡಿಸಿದರು. ತಮ್ಮಂಥವರಿಗಾಗಿ ಸಿದ್ಧವಾಗುತ್ತಿದ್ದ ಪುಸ್ತಕವನ್ನು ತಾವೇ ಅಚ್ಚುಮಾಡಿದರು.

ಕೆಲಸ ಹದಿನೈದು ವರ್ಷಕ್ಕೂ ಮಿಕ್ಕಿ ನಡೆಯಿತು. ಕಿವಿ ಪೂರ್ತಿ ಮಂದವಾಯಿತು, ದೇಹ ಬಳಲಿತು. 1921ರಲ್ಲಿ ಮನೋರಮೆ ತೀರಿಕೊಂಡಳು. ತಾಯಿಯ ಬಲಗೈಯಾಗಿದ್ದ, ಸಂಸ್ಥೆಗೆ ಉತ್ತರಾಧಿಕಾರಿಯಾಗಬೇಕಿದ್ದ, ಬಾಗಿಲು ತೆರೆದಿಟ್ಟ ಕೊಠಡಿಯಲ್ಲಿ ಪಕ್ಕದಲ್ಲಿ ಕುಳಿತು ಓದುತ್ತಿದ್ದ ಒಬ್ಬಳೇ ಮಗಳು. ಶೋಕವನ್ನು ನುಂಗಿಕೊಂಡು ತಾಯಿ ಮತ್ತೆ ಕರಡಚ್ಚಿನ ಮುಂದೆ ಕುಳಿತರು. 1922ರ ಏಪ್ರಿಲ್ 5ರಂದು, ಕೊನೆಯ ಕರಡು ತಿದ್ದುವ ಕೆಲಸ ಮುಗಿಯುತ್ತಿದ್ದಂತೆಯೇ, ಅವರ ಆಯುಷ್ಯವೂ ಮುಗಿಯಿತು. ಸಂಪೂರ್ಣ ಗ್ರಂಥ ಹೊರಬಂದದ್ದು 1924ರಲ್ಲಿ.

ಆ ಭಾಷಾಂತರ ಮರಾಠಿ ಸಭೆಗಳ ಸಾಮಾನ್ಯ ಗ್ರಂಥವಾಗಲಿಲ್ಲ. ಬೇರೆ ಭಾಷಾಂತರಗಳೇ ಬಳಕೆಯಲ್ಲಿ ನಿಂತುವು. ಆದರೆ ಬೈಬಲನ್ನು ಮೊದಲಿಂದ ಕೊನೆಯವರೆಗೆ ಮೂಲಭಾಷೆಗಳಿಂದ ಒಬ್ಬರೇ ತಂದ ಹೆಂಗಸರು ಪ್ರಪಂಚದಲ್ಲಿಯೇ ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರು ನಮ್ಮ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರೆಂಬುದನ್ನು ಕನ್ನಡನಾಡು ಮರೆಯಲಾಗದು. ಮುಕ್ತಿ ಸದನ ಕೆಡಗಾಂವಿನಲ್ಲಿ ಇಂದಿಗೂ ನಿರಾಶ್ರಿತರಿಗೆ ಬಾಗಿಲು ತೆರೆದಿದೆ. ಅವರ ಮತವನ್ನು ಒಪ್ಪುವವರೂ ಒಪ್ಪದವರೂ ಅವರ ಬಾಳಿನಲ್ಲಿ ಕಾಣಬಹುದಾದ ಸಂಗತಿಯೊಂದಿದೆ: ನಸುಕಿನಲ್ಲಿ ತಾಯಿ ಹಚ್ಚಿದ ಓದಿನ ಅಭ್ಯಾಸವನ್ನು ಮಗಳು ಒಂದು ದಿನವೂ ಬಿಡಲಿಲ್ಲ. ಓದುವ ಗ್ರಂಥ ಬದಲಾಯಿತು. ಅದಕ್ಕಿಂತ ಹೆಚ್ಚಾಗಿ, ತಾವು ಓದಿ ತಿಳಿದದ್ದನ್ನು ಓದಲಾರದವರೂ ಓದಿ ತಿಳಿಯಬೇಕೆಂಬ ಹಂಬಲ ವರ್ಷವರ್ಷಕ್ಕೆ ಬೆಳೆಯಿತು. ಕೊನೆಯ ದಿನ ಅವರ ಮೇಜಿನ ಮೇಲಿದ್ದ ತಿದ್ದಿದ ಹಾಳೆಗಳು ಆ ಹಂಬಲದ ಫಲ.