ಕೈ ಉಳಿಸಿದ ಕೆಟರಿಂಗ್, ಕೈ ಸುಟ್ಟುಕೊಂಡ ಕೆಟರಿಂಗ್

ವರ್ಕ್‌ಶಾಪ್ ಹಿಂದೆ ನಿಂತಿರೋ ಹಳೇ ಜೀಪಿಗೆ ಎಲೆಕ್ಟ್ರಿಕ್ ಫ್ಯಾನ್ ಹಾಕೋಣ ಅಂತ ನಾವು ನಾಲ್ಕು ಜನ ಹೊರಟಿದ್ವಿ. ಅದರಲ್ಲಿರೋದು ಬೆಲ್ಟ್ ಫ್ಯಾನ್. ಇಂಜಿನ್ ನಿಧಾನ ಆದ್ರೆ ಅದೂ ನಿಧಾನ, ಹಾಗಾಗಿ ನಿಂತಲ್ಲೇ ಬಿಸಿಯಾಗುತ್ತೆ. ಫ್ಯೂಸ್, ರಿಲೇ, ವೈರ್ ಎಲ್ಲ ಜೋಡಿಸಿ ಆನ್ ಮಾಡಿದ್ವಿ. ಫ್ಯಾನ್ ಚೆನ್ನಾಗೇ ತಿರುಗಿತು. ಸ್ವಲ್ಪ ಹೊತ್ತಿಗೆ ಬ್ಯಾಟರಿ ಮಲಗಿತು. ಇಷ್ಟು ದೊಡ್ಡ ಇಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿ ಒಂದು ಫ್ಯಾನಿಗೆ ಯಾಕೆ ಸೋತಿತು? ಇದಕ್ಕೆ ಉತ್ತರ ಹುಡುಕುವಾಗ ಸಿಕ್ಕವನು ಚಾರ್ಲ್ಸ್ ಕೆಟರಿಂಗ್.

ಹುಟ್ಟಿದ್ದು 1876ರಲ್ಲಿ, ಅಮೆರಿಕದ ಒಹಾಯೋ ರಾಜ್ಯದ ಒಂದು ರೈತ ಕುಟುಂಬದಲ್ಲಿ. ಮೊದಲು ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಇಂಜಿನಿಯರಿಂಗ್ ಸೇರಿದ ಮೇಲೆ ಕಣ್ಣಿನ ತೊಂದರೆಯಿಂದ ಕಾಲೇಜು ಬಿಡಬೇಕಾಯ್ತು. ಆಗ ಟೆಲಿಫೋನ್ ಲೈನ್ ಎಳೆಯೋ ಗ್ಯಾಂಗಿನಲ್ಲಿ ಕೆಲಸ ಮಾಡಿದ. ಮತ್ತೆ ಕಾಲೇಜಿಗೆ ಬಂದು ಎಲೆಕ್ಟ್ರಿಕಲ್ ಡಿಗ್ರಿ ಮುಗಿಸಿದ್ದು 1904ರಲ್ಲಿ, 27ನೇ ವಯಸ್ಸಿಗೆ. ಬ್ಯಾಕ್‌ಲಾಗ್ ಇರೋ ಗೆಳೆಯರು ಸಮಾಧಾನ ಮಾಡ್ಕೋಬಹುದು.

ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಆತನಿಗೆ ಕೆಲಸ ಸಿಕ್ಕಿತು. ಅಂಗಡಿಯ ಗಲ್ಲಾ ಯಂತ್ರಕ್ಕೆ ಆಗ ಹಿಡಿಕೆ ತಿರುಗಿಸಬೇಕಿತ್ತು. ಅದಕ್ಕೆ ಕೆಟರಿಂಗ್ ಒಂದು ಪುಟ್ಟ ಮೋಟಾರ್ ಕೂರಿಸಿದ. ಗಲ್ಲಾ ತೆರೆಯೋಕೆ ಬೇಕಿರೋದು ಒಂದು ಕ್ಷಣದ ಬಲ. ಅಷ್ಟು ಹೊತ್ತಿಗೆ ಸಣ್ಣ ಮೋಟಾರಿಗೆ ಅದರ ಶಕ್ತಿ ಮೀರಿದ ಕೆಲಸ ಕೊಟ್ಟರೂ ಅದು ಸುಡಲ್ಲ.

ಇದೇ ಲೆಕ್ಕ ಮುಂದೆ ಕಾರಿಗೂ ಬಂತು. ಆಗಿನ ಕಾರುಗಳನ್ನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬೇಕಿತ್ತು. ಇಂಜಿನ್ ಹಿಂದಕ್ಕೆ ಒದ್ದರೆ ಕೈ ಮುರೀತಿತ್ತು. ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೆಟರಿಂಗ್ ಗೆಳೆಯರ ಜೊತೆ ಕೆಲಸಕ್ಕೆ ಕೂತ. 1909ರಲ್ಲಿ ಡೆಲ್ಕೋ ಕಂಪನಿ ಶುರುವಾಯ್ತು. 1912ರ ಕ್ಯಾಡಿಲಾಕ್ ಎಲೆಕ್ಟ್ರಿಕ್ ಸ್ಟಾರ್ಟರ್ ಸಮೇತ ಬಂತು. ಒಂದೇ ಯಂತ್ರ ಮೊದಲು ಮೋಟಾರಾಗಿ ಇಂಜಿನ್ ತಿರುಗಿಸುತ್ತೆ, ಆಮೇಲೆ ಜನರೇಟರ್ ಆಗಿ ಬ್ಯಾಟರಿ ತುಂಬುತ್ತೆ. ನಮಗೆ ತುಂಬಾ ಹಿಡಿಸಿದ್ದು ಇದೇ.

ನಮ್ಮ ತಪ್ಪೂ ಇಲ್ಲೇ ಗೊತ್ತಾಯ್ತು. ಸ್ಟಾರ್ಟರ್ 150 ಆಂಪಿಯರ್ ಎಳೆದರೂ 3 ಸೆಕೆಂಡಿಗೆ ಖರ್ಚಾಗೋದು 0.125 ಆಂಪಿಯರ್-ಅವರ್ ಮಾತ್ರ. ಫ್ಯಾನ್ ಎಳೆಯೋದು 15 ಆಂಪಿಯರ್ ಅಂದುಕೊಂಡರೂ ಒಂದು ಗಂಟೆಗೆ 15 ಆಂಪಿಯರ್-ಅವರ್ ಹೋಯ್ತು. ಅಂದ್ರೆ 120 ಸಲ ಸ್ಟಾರ್ಟ್ ಮಾಡಿದ ಹಾಗೆ. ಅದೂ ಅಲ್ಲದೆ ಫ್ಯಾನ್ ಬೇಕಾಗೋದೇ ಗಾಡಿ ನಿಂತಾಗ. ಹಳೇ ಡೈನಮೋ ಕರೆಂಟ್ ಕೊಡದೇ ಇರೋದೂ ಆಗಲೇ.

ಬಿಸಿ ಅನ್ನೋದು ಕೆಟರಿಂಗನ್ನೂ ಬಿಡಲಿಲ್ಲ. 1920ರಿಂದ ಆತ ಜನರಲ್ ಮೋಟಾರ್ಸ್‌ನ ಸಂಶೋಧನೆಯ ಮುಖ್ಯಸ್ಥ. ರೇಡಿಯೇಟರ್, ನೀರು ಎರಡೂ ಬೇಡ, ಸಿಲಿಂಡರ್ ಸುತ್ತ ತಾಮ್ರದ ರೆಕ್ಕೆ ಕೂರಿಸಿ ಗಾಳಿಯಲ್ಲೇ ತಣ್ಣಗೆ ಮಾಡ್ತೀನಿ ಅಂತ ಹೊರಟ. 1923ರಲ್ಲಿ ಅಂಥ ಷೆವರ್ಲೆ ಕಾರು ಬಂತು. ತಯಾರಾದದ್ದು 759, ಗಿರಾಕಿಗಳ ಕೈಗೆ ಹೋದದ್ದು ನೂರರಷ್ಟು. ಬಿಸಿಯಾದ್ರೆ ಇಂಜಿನ್ನಿನ ಶಕ್ತಿ ಕುಸೀತಿತ್ತು. ಕಂಪನಿ ಎಲ್ಲವನ್ನೂ ವಾಪಸ್ ಕರೆಸಿಕೊಂಡಿತು. ನೊಂದ ಕೆಟರಿಂಗ್ ಕಂಪನಿ ಬಿಡೋಕೂ ತಯಾರಾದ.

ಈ ಸೋಲಿನಿಂದ ಯಾರಿಗೂ ಜೀವಹಾನಿ ಆಗಲಿಲ್ಲ. ಗೆಲುವೊಂದರಿಂದ ಆಯ್ತು. ಇಂಜಿನ್ ನಾಕಿಂಗ್ ನಿಲ್ಲಿಸೋಕೆ ಪೆಟ್ರೋಲಿಗೆ ಸೀಸದ ಸಂಯುಕ್ತ ಸೇರಿಸಬಹುದು ಅಂತ 1921ರಲ್ಲಿ ಆತನ ಲ್ಯಾಬಿನ ಥಾಮಸ್ ಮಿಡ್‌ಗ್ಲಿ ಕಂಡುಹಿಡಿದ. 1924ರಲ್ಲಿ ನ್ಯೂಜೆರ್ಸಿಯ ಒಂದು ರಿಫೈನರಿಯಲ್ಲಿ ಈ ಸೀಸದ ವಿಷಕ್ಕೆ ಐದು ಜನ ಕೆಲಸಗಾರರು ಸತ್ತರು. ಆದರೂ ಸೀಸದ ಪೆಟ್ರೋಲ್ ದಶಕಗಟ್ಟಲೆ ಮಾರಾಟವಾಯ್ತು. ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ, ಜಗತ್ತಿನಲ್ಲಿ ಕೊನೆಯದಾಗಿ 2021ರಲ್ಲಿ, ಅಲ್ಜೀರಿಯಾದಲ್ಲಿ. ಅಷ್ಟು ವರ್ಷ ಮಕ್ಕಳೂ ಆ ಹೊಗೆಯನ್ನೇ ಕುಡಿದರು. ಸ್ಟಾರ್ಟರ್ ವಿಷಯದಲ್ಲಿ ಸೆಕೆಂಡುಗಳ ಲೆಕ್ಕ ಹಾಕಿದ ಮನುಷ್ಯ ಇಲ್ಲಿ ವರ್ಷಗಳ ಲೆಕ್ಕ ಹಾಕಲಿಲ್ಲ. ಗೊತ್ತಿರಲಿಲ್ಲ ಅಂತ ಬಿಟ್ಟುಬಿಡೋಕೂ ಆಗಲ್ಲ, ಸೀಸ ವಿಷ ಅನ್ನೋದು ಆಗಲೇ ಹಳೇ ವಿಷಯ. ನಮ್ಮ ನಾಲ್ಕು ಜನರಲ್ಲೇ ಇದರ ಬಗ್ಗೆ ಇನ್ನೂ ಜಗಳ ಇದೆ.

ಕೆಟರಿಂಗ್ 1947ರಲ್ಲಿ ನಿವೃತ್ತನಾದ, 1958ರ ನವೆಂಬರ್‌ನಲ್ಲಿ ತೀರಿಕೊಂಡ. ನ್ಯೂಯಾರ್ಕಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದಕ್ಕೂ ಆತನ ಹೆಸರಿದೆ.

ಜೀಪಿಗೆ ಬೆಲ್ಟ್ ಫ್ಯಾನ್ ಮತ್ತೆ ಹಾಕಿದ್ದೀವಿ. ಆಲ್ಟರ್ನೇಟರ್ ಸಿಕ್ಕ ಮೇಲೆ ಎಲೆಕ್ಟ್ರಿಕ್ ಫ್ಯಾನ್.