ಬಿ.ಎ. ಪದವೀಧರ ರಾಮನ್ನರು

ಸರ್ ಚಂದ್ರಶೇಖರ ವೆಂಕಟರಾಮನ್ನರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರರು. ಬೆಳಕಿನ ಚದರುವಿಕೆಯನ್ನು ಕುರಿತ ಶೋಧಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಮಹನೀಯರು ಪಡೆದದ್ದು ನಾವು ಪಡೆಯಲಿರುವ ಬಿ.ಎ. ಪದವಿಯೇ ಎಂಬುದು ಅನೇಕರಿಗೆ ತಿಳಿಯದು. ಆ ಕಾಲದಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಭೌತವಿಜ್ಞಾನವನ್ನು ಓದಿದವರಿಗೂ ಬಿ.ಎ. ಪದವಿಯನ್ನೇ ಕೊಡುತ್ತಿತ್ತು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ನಾವು ವಿಜ್ಞಾನದ ಮಾತು ಬಂದೊಡನೆ ಅದು ನಮ್ಮದಲ್ಲವೆಂದು ಪಕ್ಕಕ್ಕೆ ಸರಿಯುತ್ತೇವೆ. ಒಂದು ಶಾಸ್ತ್ರಕ್ಕೂ ಇನ್ನೊಂದಕ್ಕೂ ನಡುವೆ ಗೋಡೆಯೇ ಇಲ್ಲವೆಂಬಂತೆ ಓಡಾಡಿದ ಈ ಹಿರಿಯರ ಜೀವನವನ್ನು ನನ್ನ ಸಹಪಾಠಿಗಳ ಮುಂದಿಡಬೇಕೆಂಬ ಆಸೆಯಿಂದ ಈ ಲೇಖನ ಬರೆಯುತ್ತಿದ್ದೇನೆ.

ರಾಮನ್ನರು ತಿರುಚಿರಾಪಳ್ಳಿಯಲ್ಲಿ 1888ನೆಯ ಇಸವಿ ನವೆಂಬರ್ 7ರಂದು ಜನಿಸಿದರು. ತಂದೆ ಚಂದ್ರಶೇಖರ ಅಯ್ಯರರು ಕಾಲೇಜಿನ ಅಧ್ಯಾಪಕರು. ಮಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಪ್ರಥಮ ಸ್ಥಾನದೊಡನೆ ಬಿ.ಎ. ಮುಗಿಸಿದರು, ಇನ್ನೂ ಎಂ.ಎ. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನ ಲೇಖನ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ಹವೆ ಇವರ ದೇಹಕ್ಕೆ ಒಗ್ಗದೆಂದು ವೈದ್ಯರು ತೀರ್ಮಾನಿಸಿದ್ದರಿಂದ ಪರದೇಶದ ವ್ಯಾಸಂಗದ ದಾರಿ ಮುಚ್ಚಿತು. ಆಗ ಅವರು ಮಾಡಿದ್ದು ಇಂದು ನಮ್ಮ ತರಗತಿಯ ಬಹುಪಾಲು ಮಂದಿ ಮಾಡುತ್ತಿರುವ ಕೆಲಸವನ್ನೇ: ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತರು. ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, 1907ರಲ್ಲಿ, ಹದಿನೆಂಟು ತುಂಬಿದ್ದ ವಯಸ್ಸಿನಲ್ಲಿ, ಕಲ್ಕತ್ತೆಯ ಸಹಾಯಕ ಅಕೌಂಟೆಂಟ್ ಜನರಲ್ ಆದರು.

ಕಲ್ಕತ್ತೆಯ ಬೌಬಜಾರ್ ರಸ್ತೆಯಲ್ಲಿ ವಿಜ್ಞಾನ ಸಂಸ್ಥೆಯೊಂದಿತ್ತು. 1876ರಲ್ಲಿ ಅದನ್ನು ಸ್ಥಾಪಿಸಿದ ಮಹೇಂದ್ರಲಾಲ್ ಸರ್ಕಾರರು ವೃತ್ತಿಯಿಂದ ವೈದ್ಯರು. ವೈದ್ಯರೊಬ್ಬರು ಕಟ್ಟಿದ ಆ ಮನೆಯಲ್ಲಿ ಲೆಕ್ಕಪತ್ರದ ಅಧಿಕಾರಿಯೊಬ್ಬರು ಭೌತವಿಜ್ಞಾನದ ಪ್ರಯೋಗ ನಡೆಸಿದರೆಂಬುದು ಸ್ವಾರಸ್ಯವಾದ ಸಂಗತಿ. ಕಚೇರಿಗೆ ಮುಂಚೆ ಬೆಳಿಗ್ಗೆ, ಕಚೇರಿ ಮುಗಿದ ಮೇಲೆ ಸಂಜೆ, ಹೀಗೆ ಹತ್ತು ವರ್ಷ ಅವರು ದುಡಿದರು. 1917ರಲ್ಲಿ ಅಶುತೋಷ ಮುಖರ್ಜಿಯವರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಠಕ್ಕೆ ಕರೆದಾಗ, ಕಡಿಮೆ ಸಂಬಳವೆಂದು ತಿಳಿದೂ ಸರ್ಕಾರಿ ಹುದ್ದೆಯನ್ನು ಬಿಟ್ಟರು.

ಈ ತ್ಯಾಗವನ್ನು ಹೊಗಳುವುದು ಸುಲಭ. ಆದರೆ ನಮ್ಮಂಥವರು ಅದನ್ನು ತೂಗಿ ನೋಡಬೇಕಾಗುತ್ತದೆ. ರಾಮನ್ನರ ಮನೆಯಲ್ಲಿ ಹುಟ್ಟುವಾಗಲೇ ಪುಸ್ತಕಗಳಿದ್ದವು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ತಾಯಿ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಹೂ ಮಾರುತ್ತಾರೆ. ಬರಲಿರುವ ಸಂಬಳವನ್ನು ಬಿಟ್ಟುಕೊಡುವ ಸ್ವಾತಂತ್ರ್ಯ ನನಗಿಲ್ಲ. ಆದುದರಿಂದ ರಾಮನ್ನರ ಬಾಳಿನಲ್ಲಿ 1917ಕ್ಕಿಂತ ಅದಕ್ಕೆ ಹಿಂದಿನ ಹತ್ತು ವರ್ಷಗಳೇ ನನಗೆ ಹೆಚ್ಚು ಹತ್ತಿರವಾಗಿ ಕಾಣುತ್ತವೆ. ಕಚೇರಿಯ ಹಿಂದುಮುಂದಿನ ವೇಳೆ ಬಡವರಿಗೂ ಸ್ವಲ್ಪ ಮಿಗುತ್ತದೆ.

ಅವರ ಕುತೂಹಲ ಮೊದಲು ಹರಿದದ್ದು ಕಿವಿಯ ಕಡೆಗೆ. ಪಿಟೀಲಿನ ತಂತಿಯನ್ನೂ ನಮ್ಮ ಮೃದಂಗ, ತಬಲಗಳನ್ನೂ ಅವರು ಪರೀಕ್ಷಿಸಿದರು. ಬರಿಯ ಚರ್ಮ ಬಿಗಿದ ವಾದ್ಯದಿಂದ ಶ್ರುತಿಬದ್ಧವಾದ ನಾದ ಹೊರಡುವುದಿಲ್ಲ. ನಡುವೆ ಕಪ್ಪು ಲೇಪ ಹಾಕಿ ಭಾರ ಹೆಚ್ಚಿಸಿದಾಗ ಅದರ ಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ವಾದ್ಯ ಮಾಡುವ ಕುಶಲಿಗಳು ಕೈಯಿಂದ ಕಂಡುಕೊಂಡಿದ್ದ ಈ ಸತ್ಯವನ್ನು ರಾಮನ್ನರು 1920ರಲ್ಲಿ ವಿಜ್ಞಾನದ ಭಾಷೆಯಲ್ಲಿ ಜಗತ್ತಿಗೆ ತಿಳಿಸಿದರು.

1921ರಲ್ಲಿ ಇಂಗ್ಲೆಂಡಿಗೆ ಹೋಗಿ ಬರುವಾಗ ಹಡಗಿನಿಂದ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರ ಕಣ್ಣಿಗೆ ಬಿತ್ತು. ಸಮುದ್ರದ ಬಣ್ಣ ಆಕಾಶದ ಪ್ರತಿಬಿಂಬವೆಂದೇ ಆಗ ನಂಬಿಕೆ. ಕಿಸೆಯಲ್ಲಿದ್ದ ಪುಟ್ಟ ಅಶ್ರಗದಿಂದ ಆ ಪ್ರತಿಬಿಂಬವನ್ನು ತಡೆದು ನೋಡಿದರೂ ನೀಲಿ ಉಳಿದೇ ಇತ್ತು. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ಅವರು ತೋರಿಸಿದರು. ಅದೇ ಜಾಡಿನಲ್ಲಿ ಕೆ. ಎಸ್. ಕೃಷ್ಣನ್ನರೊಡನೆ ದುಡಿದು 1928ನೆಯ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಕಂಡರು. ಒಂದೇ ಬಣ್ಣದ ಬೆಳಕನ್ನು ದ್ರವದೊಳಕ್ಕೆ ಹಾಯಿಸಿದರೆ ಚದರಿ ಬರುವ ಬೆಳಕಿನ ಅತ್ಯಲ್ಪ ಭಾಗ ಬಣ್ಣ ಬದಲಿಸಿಕೊಂಡಿರುತ್ತದೆ. ಎಷ್ಟು ಬದಲಾಯಿತೆಂಬುದು ಅಣುವಿನ ಕಂಪನವನ್ನು ಅವಲಂಬಿಸಿದೆ. ರೇಷನ್ ಅಂಗಡಿಯಲ್ಲಿ ನಮ್ಮಜ್ಜಿ ಒತ್ತುವ ಹೆಬ್ಬೆಟ್ಟು ಅವಳದೇ ಆಗಿರುವಂತೆ, ಪ್ರತಿಯೊಂದು ಬಗೆಯ ಅಣುವಿಗೂ ಅದರದೇ ಗುರುತುಂಟೆಂದು ಇದರಿಂದ ತಿಳಿಯಿತು.

1933ರಲ್ಲಿ ರಾಮನ್ನರು ನಮ್ಮ ಊರಿಗೆ ಬಂದು, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅದೇ ವರ್ಷ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ಪದವೀಧರೆ ಪ್ರವೇಶ ಕೋರಿ ಬಂದಾಗ, ಹೆಣ್ಣೆಂಬ ಕಾರಣಕ್ಕೆ ರಾಮನ್ನರು ನಿರಾಕರಿಸಿದರು. ಆಕೆ ಸತ್ಯಾಗ್ರಹದ ಹಟ ಹಿಡಿದ ಮೇಲೆ, ಒಂದು ವರ್ಷದ ಪರೀಕ್ಷಾವಧಿಯ ಕಟ್ಟುಪಾಡಿನೊಡನೆ ಸೇರಿಸಿಕೊಂಡರು. ಆಕೆಯ ಕೆಲಸವನ್ನು ಕಂಡು ಮನಸ್ಸು ಬದಲಿಸಿ, ಮುಂದೆ ಅನ್ನಾ ಮಣಿಯವರಂಥ ಹೆಣ್ಣುಮಕ್ಕಳನ್ನು ತಮ್ಮ ಪ್ರಯೋಗಾಲಯಕ್ಕೆ ಬರಮಾಡಿಕೊಂಡರು. ಕಮಲಾ ಸೊಹೋನಿಯೆಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರೇಟು ಪಡೆದರು. ಶಾಸ್ತ್ರಗಳ ನಡುವಣ ಗೋಡೆಗಳನ್ನು ಲೆಕ್ಕಿಸದ ಮಹನೀಯರಿಗೆ ತಮ್ಮ ಬಾಗಿಲಲ್ಲಿದ್ದ ಗೋಡೆ ಕಾಣಲಿಲ್ಲ. ಹೊರಗೆ ನಿಂತ ಹುಡುಗಿ ಅದನ್ನು ಕಾಣಿಸಿಕೊಟ್ಟಳು. ರಾಮನ್ನರ ಮೇಲಿನ ಗೌರವ ಇದರಿಂದ ನನ್ನಲ್ಲಿ ಅಳಿದಿಲ್ಲ. ಆದರೆ ಅವರ ಪಕ್ಕದಲ್ಲಿ ಕಮಲಾ ಅವರನ್ನೂ ನಿಲ್ಲಿಸದೆ ನಾನು ಅವರಿಗೆ ಕೈಮುಗಿಯಲಾರೆ.

1937ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿದ್ದು, ಬಳಿಕ ಮೈಸೂರು ಮಹಾರಾಜರು ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಶೋಧನ ಸಂಸ್ಥೆಯನ್ನು ತೆರೆದರು. ಅಲ್ಲಿಯ ತೋಟದ ಹೂಗಳು ಅವರನ್ನು ಕಣ್ಣಿನ ಶಾಸ್ತ್ರಕ್ಕೆ ಎಳೆದವು. ಬಣ್ಣವಿರುವುದು ಹೂವಿನಲ್ಲೋ, ಬೆಳಕಿನಲ್ಲೋ, ನೋಡುವ ಕಣ್ಣಿನಲ್ಲೋ? ಬಲ್ಬಿನ ಬೆಳಕಿನಲ್ಲಿ ಕನಕಾಂಬರದ ಬಣ್ಣವನ್ನು ನಂಬಬಾರದು, ಬೆಳಗಾಗುವ ತನಕ ಕಾದು ಕೊಳ್ಳಬೇಕು ಎಂಬುದು ನನ್ನ ತಾಯಿಯ ವ್ಯಾಪಾರದ ಬುದ್ಧಿ. ಆ ಬುದ್ಧಿಗೂ ಈ ಪ್ರಶ್ನೆಗೂ ಬಹಳ ದೂರವಿಲ್ಲ. ದೃಷ್ಟಿಯ ಕುರಿತು ರಾಮನ್ನರು 1968ರಲ್ಲಿ ಗ್ರಂಥವನ್ನೇ ಹೊರತಂದರು. ಕಣ್ಣು ಮೂರು ಮೂಲವರ್ಣಗಳಿಂದ ಬಣ್ಣವನ್ನು ಗ್ರಹಿಸುತ್ತದೆಂಬ ಮತವನ್ನು ಅವರು ಒಪ್ಪಲಿಲ್ಲ. ಕಣ್ಣಿನ ಹಿಂಪರದೆಯಲ್ಲಿ ಮೂರು ಬಗೆಯ ಶಂಕುಕೋಶಗಳಿರುವುದನ್ನು 1964ರಲ್ಲಿಯೇ ಬೇರೆಯವರು ಅಳೆದು ತೋರಿಸಿದ್ದರು. ವಿದ್ವಾಂಸರು ರಾಮನ್ನರ ವಾದವನ್ನು ಅಂಗೀಕರಿಸಲಿಲ್ಲ. ಎಂಬತ್ತರ ವಯಸ್ಸಿನಲ್ಲಿ ಹೊಸ ಶಾಸ್ತ್ರಕ್ಕೆ ಕಾಲಿಟ್ಟು ಸೋಲುವ ಧೈರ್ಯವೂ ಸಾಮಾನ್ಯವಲ್ಲ. 1970ರ ಗಾಂಧಿ ಜಯಂತಿಯಂದು ಅವರು ನೀಡಿದ ಕಡೆಯ ಉಪನ್ಯಾಸದ ವಿಷಯ ಮತ್ತೆ ಕಿವಿ, ಶ್ರವಣ. ಅದೇ ನವೆಂಬರ್ 21ರಂದು ತೀರಿಕೊಂಡರು. ಅವರ ದೇಹವನ್ನು ಸಂಸ್ಥೆಯ ತೋಟದಲ್ಲಿಯೇ ದಹನ ಮಾಡಲಾಯಿತು.

ಇಂದು ರಾಮನ್ ಪರಿಣಾಮ ಭೌತವಿಜ್ಞಾನಿಗಳ ಸೊತ್ತಾಗಿ ಮಾತ್ರ ಉಳಿದಿಲ್ಲ. ಔಷಧದ ಮಾತ್ರೆಯಲ್ಲಿ ಏನಿದೆಯೆಂದು ಪರೀಕ್ಷಿಸಲು ಅದು ಬಳಕೆಯಲ್ಲಿದೆ. ಮೆದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ರೋಗದ ಅಂಗಾಂಶವನ್ನು ಆರೋಗ್ಯದ ಅಂಗಾಂಶದಿಂದ ಬೇರ್ಪಡಿಸಿ ಗುರುತಿಸಲು ಲೇಸರ್ ಕಿರಣದೊಡನೆ ಅದನ್ನು ಪ್ರಯೋಗಿಸಿ ನೋಡುತ್ತಿದ್ದಾರೆ. ಸಮುದ್ರ ಏಕೆ ನೀಲಿಯೆಂದು ಕೇಳಿದವರಿಗೆ ಉತ್ತರ ಇಷ್ಟು ದೂರ ಬರುತ್ತದೆಂದು ಆಗ ಯಾರು ಊಹಿಸಿದ್ದರು?

ಮಿತ್ರರೇ, ಈ ವರ್ಷ ನಾವೆಲ್ಲ ನೌಕರಿಯ ಅರ್ಜಿಗಳನ್ನು ತುಂಬುತ್ತಿದ್ದೇವೆ. ತುಂಬಲೇಬೇಕು, ಮನೆಗಳು ಕಾದಿವೆ. ಅಕೌಂಟೆಂಟ್ ಜನರಲ್ ಕಚೇರಿಯ ಬಿ.ಎ. ಪದವೀಧರರೂ ಹಾಗೆಯೇ ಅರ್ಜಿ ತುಂಬಿದವರು. ಸಂಜೆ ಕಚೇರಿಯ ಬಾಗಿಲು ಹಾಕಿದ ಮೇಲೆ ಅವರು ನೇರವಾಗಿ ಮನೆಗೆ ಹೋಗಲಿಲ್ಲವೆಂಬುದನ್ನಷ್ಟು ನಾವು ಮರೆಯದಿದ್ದರೆ ಸಾಕು.