ಗ್ರಹಣಕ್ಕೆ ಅಂಜಿದ ದಂಡನಾಯಕ ನಿಸಿಯಸ್

ಅಥೆನ್ಸ್‌ನ ನಿಸಿಯಸ್, ಬೆಳ್ಳಿ ಗಣಿಗಳಿಗೆ ಸಾವಿರ ಗುಲಾಮರನ್ನು ಬಾಡಿಗೆಗೆ ಕೊಟ್ಟಿದ್ದ ಆಗರ್ಭ ಶ್ರೀಮಂತ. ಸ್ಪಾರ್ಟಾದೊಡನೆ ಹತ್ತು ವರ್ಷ ನಡೆದ ಯುದ್ಧವನ್ನು ಕ್ರಿ.ಪೂ. 421ರಲ್ಲಿ ನಿಲ್ಲಿಸಿದ ಒಪ್ಪಂದಕ್ಕೆ ಅವನದೇ ಹೆಸರು. ಕ್ರಿ.ಪೂ. 415ರಲ್ಲಿ ಸಿಸಿಲಿಯ ಮೇಲಿನ ದಂಡಯಾತ್ರೆಯನ್ನು ಆತ ವಿರೋಧಿಸಿದ. ಜನ ಹಿಂಜರಿಯಲೆಂದು ಭಾರಿ ಸೈನ್ಯವೇ ಬೇಕೆಂದ. ಜನಸಭೆ ಅದಕ್ಕೂ ಒಪ್ಪಿತು! ಬೇಡವೆಂದವನೇ ಮೂವರು ಸೇನಾನಿಗಳಲ್ಲೊಬ್ಬನಾಗಿ ಹಡಗೇರಬೇಕಾಯಿತು.

ಸಿರಾಕ್ಯೂಸ್ ನಗರದ ಮುತ್ತಿಗೆ ಫಲಿಸಲಿಲ್ಲ. ಮೂತ್ರಪಿಂಡದ ಬೇನೆಯಿಂದ ಬಳಲುತ್ತಿದ್ದ ನಿಸಿಯಸ್ ಬಿಡುಗಡೆ ಕೋರಿದರೂ ಅಥೆನ್ಸ್ ಮನ್ನಿಸಲಿಲ್ಲ. ಕೊನೆಗೆ ಹಿಂದಿರುಗಲು ಸಜ್ಜಾದಾಗ, ಕ್ರಿ.ಪೂ. 413ರ ಆಗಸ್ಟ್ 27ರ ರಾತ್ರಿ ಚಂದ್ರಗ್ರಹಣವಾಯಿತು. ಕಣಿಕಾರರ ಮಾತಿನಂತೆ 27 ದಿನ ಕಾಯಲು ಆತ ನಿಶ್ಚಯಿಸಿದ. ಸೈನಿಕರಲ್ಲಿ ಹೆಚ್ಚಿನವರ ಬಯಕೆಯೂ ಅದೇ ಆಗಿತ್ತೆನ್ನಿ. ಅಷ್ಟರಲ್ಲಿ ಶತ್ರುಗಳು ಬಂದರಿನ ಬಾಯಿಯನ್ನೇ ಮುಚ್ಚಿದರು. ನೌಕಾಪಡೆ ಸೋತಿತು. ಭೂಮಾರ್ಗವಾಗಿ ಹೊರಟವರೂ ಸೆರೆಸಿಕ್ಕರು. ಶರಣಾದ ನಿಸಿಯಸ್‌ನನ್ನು ಕೊಲ್ಲಲಾಯಿತು. ಸುಮಾರು 7,000 ಸೆರೆಯಾಳುಗಳನ್ನು ಕಲ್ಲುಗಣಿಗೆ ತಳ್ಳಲಾಯಿತು.